ಬೆರಳಿಗೆ ತಿಳಿದ ಹಸಿರು

ಐವತ್ತೇಳು ವರ್ಷದ ಬಾಳಿನಲ್ಲಿ ಜೋಡಣ್ಣ ಜನರನ್ನು ದಾರಿ ಕೇಳಿದ್ದಾನೆ, ಗಂಟೆ ಎಷ್ಟಾಯಿತೆಂದು ಕೇಳಿದ್ದಾನೆ, ನಾಚಿಕೆ ಬಿಟ್ಟು ಮೂರನೇ ಲೋಟ ಚಹಾವನ್ನೂ ಕೇಳಿದ್ದಾನೆ. ಆದರೆ ಎಂಟು ವರ್ಷದವನಾದ ಮೇಲೆ ‘ಇದು ಯಾವ ಬಣ್ಣ?’ ಎಂದು ಮಾತ್ರ ಒಬ್ಬರನ್ನೂ ಕೇಳಿದವನಲ್ಲ. ಹಸಿರು, ಕಂದು, ಕಿತ್ತಳೆ ಈ ಮೂರೂ ಅವನ ಕಣ್ಣಿಗೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಯಾರು ಹಿರಿಯ, ಯಾರು ಕಿರಿಯ ಎಂದು ಹೇಳುವುದಕ್ಕಾಗದು. ನೀಲಿ ಒಂದು ಕಾಣುತ್ತಿತ್ತು, ಪುಣ್ಯಕ್ಕೆ.

ಎಂಟನೇ ವಯಸ್ಸಿನಲ್ಲಿ ಏನಾಯಿತೆಂದರೆ, ಶಾಲೆಯಲ್ಲಿ ಮರದ ಚಿತ್ರ ಬರೆದಿದ್ದ. ಕಾಂಡ ಹಸಿರು, ಎಲೆಯೆಲ್ಲ ಕಂದು. ಮೇಷ್ಟರು ಹಾಳೆಯನ್ನು ಎತ್ತಿ ಹಿಡಿದು, “ನೋಡ್ರೋ, ಇವನ ಮರ ತಲೆಕೆಳಗಾಗಿ ಹುಟ್ಟಿದೆ!” ಎಂದರು. ನಲವತ್ತು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟರಿಗೆ ಅದು ಸಂಜೆಗೆ ಮರೆತುಹೋಗಿರಬೇಕು. ಈ ದೊಡ್ಡವರಿಗೆ ಮಕ್ಕಳ ಮೇಲೆ ಬಾಯಿ ಹರಿಬಿಡುವುದು ಎಷ್ಟು ಸಲೀಸು ನೋಡಿ! ಹುಡುಗ ಮಾತ್ರ ಅವತ್ತೇ ಬಾಯಿಗೆ ಬೀಗ ಹಾಕಿಕೊಂಡ. ಮುಂದೆ ರೈಲಿನ ಕೆಲಸಕ್ಕೆ ಹೋದಾಗ ಬಣ್ಣಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ಮುಂದೆ ಇಟ್ಟು, ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದರು. ಅವನಿಗೆ ಚುಕ್ಕೆ ಕಂಡಿತು, ಅಂಕಿ ಕಾಣಲಿಲ್ಲ. ಮನೆಗೆ ಬಂದು ‘ಎತ್ತರ ಸಾಲದು ಅಂದ್ರು’ ಎಂದು ಅವ್ವನಿಗೆ ಸುಳ್ಳು ಹೇಳಿದ.

ಅಂಥವನು ತಂತಿ ಕೆಲಸಕ್ಕೆ ಬಂದದ್ದು ಹೊಟ್ಟೆಪಾಡಿಗೆ, ಅದರಲ್ಲೇ ನಿಂತದ್ದು ಬೆರಳಿನ ದಯೆಯಿಂದ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲ್ಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ ಇರುತ್ತವೆ. ಎರಡೆರಡು ಎಳೆ ಒಂದಕ್ಕೊಂದು ಹೊಸೆದುಕೊಂಡು ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಜೋಡಿಯಲ್ಲಿ ಒಂದು ಎಳೆ ಪೂರಾ ಬಣ್ಣದ್ದು, ಇನ್ನೊಂದು ಬಿಳಿ ಬೆರೆತದ್ದು. ಈ ಎಂಟನ್ನೂ ಗೊತ್ತುಮಾಡಿದ ಬಣ್ಣದ ಕ್ರಮದಲ್ಲೇ ಸಾಲಾಗಿ ಹಿಡಿದು, ಕನೆಕ್ಟರ್ ಎಂಬ ಪುಟ್ಟ ಗಾಜಿನಂಥ ಪ್ಲಾಸ್ಟಿಕ್ಕಿನ ತಲೆಯೊಳಗೆ ತೂರಿಸಿ ಇಕ್ಕಳದಿಂದ ಒತ್ತಬೇಕು. ಕ್ರಮ ತಪ್ಪಿತೋ, ಮುಗಿಯಿತು ಕಥೆ.

ಕೆಲಸಕ್ಕೆ ಸೇರಿದ ಮೊದಲ ವಾರ ಅವನಿಗೆ ನಿದ್ದೆಯಿಲ್ಲ. ಎರಡನೇ ವಾರ ಒಂದು ಸಂಗತಿ ಹೊಳೆಯಿತು. ನಾಲ್ಕು ಜೋಡಿಗಳನ್ನೂ ಒಂದೇ ಬಿಗಿಯಲ್ಲಿ ಹೊಸೆದಿರುವುದಿಲ್ಲ! ಹಸಿರು ಜೋಡಿ ಬಿಗಿ, ಬೆರಳಲ್ಲಿ ಉಜ್ಜಿದರೆ ಸಣ್ಣ ಹಲ್ಲಿನ ಹಾಗೆ ಹತ್ತುತ್ತದೆ. ಕಿತ್ತಳೆ ಮಧ್ಯಮ. ಕಂದು ಸಡಿಲ. ಅವತ್ತಿನಿಂದ ಅವನು ಕಣ್ಣಿಂದ ನೋಡುವ ಹಾಗೆ ನಟಿಸಿ ಬೆರಳಿಂದ ಓದತೊಡಗಿದ. ಎಂಥ ಕೈ ಅಂತೀರಿ! ಮಾತಾಡುತ್ತ, ನಗುತ್ತ, ಎತ್ತಲೋ ನೋಡುತ್ತ ಎಂಟು ಎಳೆ ಕೂರಿಸಿಬಿಡುತ್ತಿದ್ದ. ಈ ಆಸ್ಪತ್ರೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಒಂದು ತಂತಿಯೂ ಅವನ ಹೆಸರು ಕೆಡಿಸಿರಲಿಲ್ಲ. ದೊಡ್ಡ ಡಾಕ್ಟರರಿಂದ ನೆಲ ಒರೆಸುವ ಆಯಾವರೆಗೆ ಎಲ್ಲರಿಗೂ ಅವನು ಜೋಡಣ್ಣ. “ಕಣ್ಣು ಮುಚ್ಕೊಂಡು ಮಾಡ್ತಾನಪ್ಪಾ!” ಎಂದು ಜನ ಹೊಗಳಿದಾಗ ಅವನು ನಗುತ್ತಿದ್ದ. ಒಳಗೊಳಗೇ ಬೆವರುತ್ತಿದ್ದ.

ಆ ವರ್ಷ ಆಸ್ಪತ್ರೆಗೆ ಹೊಸ ಕಟ್ಟಡ ಬಂತು. ಅದರ ಜೊತೆಗೆ ತಂತಿ ವಿಭಾಗಕ್ಕೆ ಒಬ್ಬಳು ಹೆಂಗಸೂ ಬಂದಳು. ರೇಡಿಯೋ ತಯಾರಿಸುವ ಕಾರ್ಖಾನೆಯಲ್ಲಿ ಹದಿನೇಳು ವರ್ಷ ದುಡಿದು, ಅದು ಮುಚ್ಚಿದ ಮೇಲೆ ನಲವತ್ತೆರಡನೇ ವಯಸ್ಸಿನಲ್ಲಿ ಹೊಸ ಕಸುಬು ಕಲಿಯಲು ಹೊರಟವಳು. ಎಲ್ಲರೂ ಫ್ಯಾಕ್ಟರಿಯಕ್ಕ ಎಂದರು. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು. ಮೂರು ತಿಂಗಳು ಪರೀಕ್ಷೆಯ ಅವಧಿ. ಅದು ದಾಟಿದರೆ ಕೆಲಸ ಕಾಯಂ. ಅವಳು ಜೇಬಿನಲ್ಲಿ ಬಣ್ಣದ ಕ್ರಮದ ಚೀಟಿ ಇಟ್ಟುಕೊಂಡು, ಬಾಯಿಪಾಠವಾಗಿದ್ದರೂ ಪ್ರತಿ ಸಲ ಅದನ್ನು ತೆಗೆದು ನೋಡಿಯೇ ಕೈ ಹಾಕುತ್ತಿದ್ದಳು.

ಜೋಡಣ್ಣನಿಗೆ ಅವಳನ್ನು ಕಂಡರೆ ಇಷ್ಟ. ಅವಳು ಸುಮ್ಮನೆ ಮಾಡುವವಳಲ್ಲ, ಯಾಕೆ ಎಂದು ಕೇಳುವವಳು.

“ಅಣ್ಣಾ, ಇದನ್ನ ಯಾಕೆ ಹೊಸೀಬೇಕು? ನೆಟ್ಟಗೇ ಬಿಟ್ರೆ ಏನಾಗುತ್ತೆ?”

“ಗಂಡ ಹೆಂಡ್ತಿ ಇದ್ದ ಹಾಗೆ ಕಣಮ್ಮ ಒಂದು ಜೋಡಿ. ಗಂಡ ಹೌದು ಅಂದ್ರೆ ಅದೇ ಗಳಿಗೇಲಿ ಹೆಂಡ್ತಿ ಅಲ್ಲ ಅಂತಾಳೆ. ಪಕ್ಕದ ಮೋಟಾರು, ಟ್ಯೂಬ್‌ಲೈಟು, ಅಕ್ಕಪಕ್ಕದ ತಂತಿ, ಇವೆಲ್ಲದರ ಗಲಾಟೆ ಒತ್ತಾಗಿ ತಬ್ಕೊಂಡಿರೋ ಇಬ್ಬರ ಮೇಲೂ ಸಮಸಮ ಬೀಳುತ್ತೆ. ಆ ತುದಿಯಲ್ಲಿ ಕೂತ ಯಂತ್ರ ಇಬ್ಬರ ಮಾತಿನ ವ್ಯತ್ಯಾಸ ಮಾತ್ರ ತಗೋತದೆ. ಸಮ ಇದ್ದದ್ದು ಕಳೆದುಹೋಯ್ತಲ್ಲ, ಗಲಾಟೆ ಮಾಯ!”

“ಹಂಗಾದ್ರೆ ಜಗಳ ಆಡೋ ಗಂಡ ಹೆಂಡ್ತಿನೇ ಒಳ್ಳೇದು ಅನ್ನಿ.”

“ತಬ್ಕೊಂಡು ಜಗಳ ಆಡ್ಬೇಕು, ಅಷ್ಟೇ.”

ಪಕ್ಕದಲ್ಲಿ ಮಾತ್ರೆ ಎಣಿಸುತ್ತಿದ್ದ ನರ್ಸಮ್ಮನಿಗೂ ನಗು ತಡೆಯಲಿಲ್ಲ. “ಇಷ್ಟೊಂದು ಹಾಸಿಗೆಯ ಯಂತ್ರಗಳ ಮಾತು ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತಲ್ಲ ಜೋಡಣ್ಣ, ಒಂದಕ್ಕೊಂದು ಕಲಸಿಹೋಗಲ್ವಾ?” ಎಂದು ಕೇಳಿದಳು.

“ಯಂತ್ರ ಉದ್ದುದ್ದ ಮಾತಾಡಲ್ಲ ನರ್ಸಮ್ಮ. ಮಾತನ್ನ ತುಂಡು ತುಂಡು ಮಾಡಿ, ಪ್ರತಿ ತುಂಡಿನ ಮೇಲೂ ಯಾರಿಂದ ಯಾರಿಗೆ ಅಂತ ವಿಳಾಸ ಬರೆದು ಕಳಿಸುತ್ತೆ. ಗೋಡೆ ಬೀರುವಿನಲ್ಲಿ ಸ್ವಿಚ್ ಪೆಟ್ಟಿಗೆ ಇದೆಯಲ್ಲ, ಅದು ವಿಳಾಸ ಓದಿ ಆ ಬಾಗಿಲಿಗೆ ಮಾತ್ರ ಕೊಡುತ್ತೆ. ಪೋಸ್ಟ್‌ಮನ್ನಿಗಿಂತ ನಿಯತ್ತು.”

ಹೊಸ ಕಟ್ಟಡದಲ್ಲಿ ಎಂಬತ್ತೆರಡು ಹಾಸಿಗೆ. ಪ್ರತಿ ಹಾಸಿಗೆಯ ಪಕ್ಕ ಒಂದು ಮಾನಿಟರ್. ರೋಗಿಯ ಎದೆಬಡಿತ, ಉಸಿರು ತಂತಿಯಲ್ಲಿ ಹೋಗಿ ನರ್ಸಮ್ಮನ ಮೇಜಿನ ಪರದೆಯಲ್ಲಿ ಕಾಣಬೇಕು. ಎಂಬತ್ತೆರಡು ಕೇಬಲ್, ಎರಡೆರಡು ತುದಿ. ಜೋಡಣ್ಣ ಹಟ ಹಿಡಿದು ಅಷ್ಟನ್ನೂ ತಾನೊಬ್ಬನೇ ಹಾಕಿದ. ಸುರುಳಿ ಮಾತ್ರ ಈ ಸಲ ಬೇರೆ ಕಂಪನಿಯದು. ಸುಲಿದ ಮೊದಲ ದಿನ ಬೆರಳು ಒಂದು ಗಳಿಗೆ ತಡವರಿಸಿತು. ಬಿಗಿ ಜೋಡಿ ಸ್ವಲ್ಪ ಹೆಚ್ಚೇ ಬಿಗಿ ಅನ್ನಿಸಿತು. ‘ಹೊಸ ಮಾಲು, ಅಷ್ಟೇ’ ಎಂದುಕೊಂಡು ಮುಂದೆ ಹೋದ. ಲೋಕದ ತಂತಿಯನ್ನೆಲ್ಲ ಒಬ್ಬನೇ ಹೊಸೆಯುತ್ತಾನೆ ಎಂದು ನಂಬಿದ್ದನಲ್ಲ, ಪುಣ್ಯಾತ್ಮ! ಎರಡು ತುದಿಗೂ ಟೆಸ್ಟರ್ ಹಚ್ಚಿ ನೋಡಿದರೆ ಎಂಟು ದೀಪವೂ ಒಂದರ ಹಿಂದೊಂದು ಸಾಲಾಗಿ ಹತ್ತಿದವು. ಎಂಬತ್ತೆರಡೂ ಸರಿ.

ಹೊಸ ಕಟ್ಟಡ ಶುರುವಾಗಿ ಐದನೇ ವಾರ. ಬೆಳಗ್ಗೆ ಹನ್ನೊಂದರ ಹೊತ್ತು. ಹನ್ನೊಂದನೇ ನಂಬರಿನ ಹಾಸಿಗೆಯನ್ನು ಸರಿಸುವಾಗ ಅದರ ಗಾಲಿ ಕೇಬಲ್ಲಿನ ತಲೆಯ ಮೇಲೆ ಹತ್ತಿ ಪುಡಿ ಮಾಡಿತು. ಆ ಹಾಸಿಗೆಯಲ್ಲಿ ಹಿಂದಿನ ದಿನವಷ್ಟೇ ಎದೆ ಕೊಯ್ಸಿಕೊಂಡ ಅಜ್ಜ. ಜೋಡಣ್ಣ ಹಳೇ ಕಟ್ಟಡದ ಅಟ್ಟದಲ್ಲಿದ್ದ. ಫ್ಯಾಕ್ಟರಿಯಕ್ಕ ಓಡಿ ಬಂದು, ಮುರಿದ ತಲೆ ಕತ್ತರಿಸಿ, ಚೀಟಿ ನೋಡಿ ಹೊಸದು ಕೂರಿಸಿದಳು. ಸಿಕ್ಕಿಸಿದರೆ ಮಾನಿಟರಿನ ಪುಟ್ಟ ದೀಪ ಹತ್ತಲಿಲ್ಲ. ಕತ್ತರಿಸಿ ಮತ್ತೆ ಕೂರಿಸಿದಳು. ಊಹೂಂ. ಮೂರನೆಯದಕ್ಕೂ ಅದೇ ಪಾಡು. ಟೆಸ್ಟರ್ ಹಚ್ಚಿದರೆ ದೀಪಗಳು ಸಾಲು ಬಿಟ್ಟು ಕುಣಿದವು. ನರ್ಸಮ್ಮ ನಲವತ್ತು ನಿಮಿಷ ಅಜ್ಜನ ಪಕ್ಕದಿಂದ ಅಲ್ಲಾಡದೆ ಮಾನಿಟರನ್ನೇ ನೋಡುತ್ತ ಕೂತಳು, ಅಜ್ಜನಿಗೇನೂ ಆಗಲಿಲ್ಲ. ಆದರೆ ಅವಳ ಪಾಲಿನ ಉಳಿದ ಹದಿನೈದು ಹಾಸಿಗೆಗಳ ಕೆಲಸ ನಿಂತಿತು, ಡಾಕ್ಟರು ಕೂಗಾಡಿದರು, ವಿಭಾಗದ ಸಾಹೇಬರು ಬಂದು ನಿಂತರು.

ಜೋಡಣ್ಣ ಏದುಸಿರು ಬಿಡುತ್ತ ಬಂದ. ಕತ್ತರಿಸಿದ, ಸುಲಿದ, ಬೆರಳಾಡಿಸಿದ, ಒತ್ತಿದ. ಎರಡು ನಿಮಿಷ. ದೀಪ ಹತ್ತಿತು, ಪರದೆಯ ಮೇಲೆ ಅಜ್ಜನ ಎದೆ ಬಡಿಯಿತು.

“ಕೈ ಅಂದ್ರೆ ಇದು!” ಎಂದರು ಸಾಹೇಬರು. ಆಮೇಲೆ ಫ್ಯಾಕ್ಟರಿಯಕ್ಕನ ಕಡೆ ತಿರುಗಿ, “ಮೂರು ಸಲ ಮಾಡಿದ್ರೂ ಒಂದು ತಲೆ ಕೂರಿಸೋಕೆ ಬರಲಿಲ್ಲ ನಿಮಗೆ. ಇದು ಆಸ್ಪತ್ರೆ ಕಣ್ರೀ, ರೇಡಿಯೋ ಅಲ್ಲ, ಹಾಡು ನಿಂತ್ರೆ ತಟ್ಟಿ ನೋಡೋಕೆ. ನಾಳೆ ಹತ್ತು ಗಂಟೆಗೆ ಆಫೀಸಿಗೆ ಬನ್ನಿ, ಪರೀಕ್ಷೆ ಅವಧಿ ಇಲ್ಲಿಗೇ ಮುಗಿಸೋಣ” ಎಂದರು.

ಅವಳು ನೆಲದ ಮೇಲೆ ಬಿದ್ದಿದ್ದ ತನ್ನ ಕನೆಕ್ಟರುಗಳನ್ನು ಒಂದೊಂದೇ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡಳು. ಸಾಹೇಬರು ಹೋದ ಮೇಲೆ ಸ್ವಿಚ್ ಪೆಟ್ಟಿಗೆಯ ಬೀರುವಿನ ಹತ್ತಿರ ಹೋಗಿ, ಕೇಬಲ್ಲಿನ ಆ ತುದಿಯನ್ನು ನೋಡಿ ಬಂದು ಜೋಡಣ್ಣನನ್ನು ಮೆಲ್ಲಗೆ ಕೇಳಿದಳು:

“ಅಣ್ಣಾ, ನಾನು ಚೀಟಿ ನೋಡೇ ಹಾಕಿದ್ದು. ನಿಮ್ದೂ ಅದೇ ಕ್ರಮ ಅಲ್ವಾ?”

“ಹೂಂ. ಮತ್ತೇನು?”

“ಮತ್ತೆ ನೀವು ಹಾಕಿದ್ರಲ್ಲಿ ಹಸಿರು ಇರಬೇಕಾದ ಕಡೆ ಕಂದು ಯಾಕಿದೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಜೋಡಣ್ಣನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. “ಮೂರು ತಿಂಗಳು ತುಂಬಿಲ್ಲ, ನನಗೇ ಪಾಠ ಹೇಳೋಕೆ ಬಂದೆಯಾ?” ಎಂದು ಕಿರುಚಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಯಾರ ಮೇಲೂ ಹಾಗೆ ಕಿರುಚಿದವನಲ್ಲ. ಅವಳು ಒಂದು ಸಲ ಅವನ ಮುಖ ನೋಡಿ ತಲೆ ತಗ್ಗಿಸಿ ಹೋದಳು.

ಅವಳು ಹೋದ ಮೇಲೆ ಅವನಿಗೆ ಎಲ್ಲ ಅರ್ಥವಾಯಿತು. ಹೊಸ ಕಂಪನಿಯವರು ಕಂದನ್ನು ಬಿಗಿಯಾಗಿ, ಹಸಿರನ್ನು ಸಡಿಲವಾಗಿ ಹೊಸೆದಿದ್ದರು. ಅವನ ಬೆರಳು ಹಳೇ ಪಾಠವನ್ನೇ ಓದಿ ಎರಡನ್ನೂ ಅದಲುಬದಲು ಮಾಡಿತ್ತು. ಆದರೆ ಎರಡು ತುದಿಯನ್ನೂ ಅವನೇ ಹಾಕಿದ್ದರಿಂದ ತಪ್ಪು ಎರಡು ಕಡೆಯೂ ಒಂದೇ. ತಾಮ್ರಕ್ಕೆ ಬಣ್ಣ ಎಲ್ಲಿ ಗೊತ್ತು? ಈ ತುದಿಯ ಮೂರನೇ ಎಳೆ ಆ ತುದಿಯ ಮೂರನೇ ಎಳೆಯೇ ಆಗಿದ್ದರೆ ಅದಕ್ಕೆ ಸಾಕು. ಟೆಸ್ಟರಿಗೂ ಸಾಕು. ಫ್ಯಾಕ್ಟರಿಯಕ್ಕ ಒಂದು ತುದಿಯನ್ನು ಸರಿಯಾಗಿ ಮಾಡಿದಳು ನೋಡಿ, ಆಗ ಕೆಟ್ಟಿತು. ಮಾನಿಟರಿಗೆ ಹೇಳುವುದಕ್ಕೆ ಒಂದು ಜೋಡಿ, ಕೇಳುವುದಕ್ಕೆ ಒಂದು ಜೋಡಿ. ಈಗ ಒಬ್ಬ ಮುಂಬಾಗಿಲಲ್ಲಿ ನಿಂತು ಕರೆಯುತ್ತಿದ್ದಾನೆ, ಇನ್ನೊಬ್ಬ ಹಿತ್ತಲ ಬಾಗಿಲಿಗೆ ಕಿವಿಗೊಟ್ಟು ಕೂತಿದ್ದಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂರು ಸಲವೂ ಸರಿಯಾಗಿ ಮಾಡಿದವಳು ಮನೆಗೆ ಹೋಗಬೇಕು, ಎಂಬತ್ತೆರಡು ಸಲ ತಪ್ಪು ಮಾಡಿದವನಿಗೆ ಶಹಬ್ಬಾಸ್!

ಸಂಜೆ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದ. ಹೆಂಡತಿ ಟೈಲರ್, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮೇಲೆ ದಾರದ ಉಂಡೆಗಳ ಡಬ್ಬಿ. ಅವನ ಮುಖ ನೋಡಿದವಳೇ ತುಳಿಯುವುದನ್ನು ನಿಲ್ಲಿಸಿದಳು. ಅವನು ಶೂ ಬಿಚ್ಚುತ್ತ ಬಿಚ್ಚುತ್ತ ಎಲ್ಲ ಹೇಳಿದ. ಮರದ ಚಿತ್ರದಿಂದ ಶುರುಮಾಡಿ ಅಜ್ಜನ ಎದೆಬಡಿತದವರೆಗೆ. ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೆ ಮೊದಲ ಸಲ.

ಅವಳು ಆಶ್ಚರ್ಯಪಡಲಿಲ್ಲ. ಎದ್ದು ಬಂದು ಅವನ ಕಾಲುಚೀಲದ ಅಂಚನ್ನು ಮಡಚಿ ಅವನ ಬೆರಳನ್ನು ಒಳಗೆ ಇಟ್ಟಳು. ಅಲ್ಲಿ ದಾರದ ಒಂದು ಪುಟ್ಟ ಗಂಟು ಇತ್ತು.

“ಕಂದು ಕಾಲುಚೀಲಕ್ಕೆ ಒಂದು ಗಂಟು, ಹಸಿರಿಗೆ ಎರಡು. ಮೂವತ್ತು ವರ್ಷದಿಂದ ಹಾಕ್ತಿದ್ದೀನಿ. ಯಾಕೆ ಅಂದ್ಕೊಂಡಿದ್ರಿ?”

“ಟೈಲರ್ ಅಭ್ಯಾಸ ಅಂದ್ಕೊಂಡಿದ್ದೆ ಕಣೇ.”

“ಒಳ್ಳೇ ಅಭ್ಯಾಸ! ಬೇರೆ ಕೆಲಸ ಇರಲಿಲ್ಲ ನನಗೆ!”

“ಗೊತ್ತಿದ್ದೂ ಯಾಕೆ ಒಂದು ಮಾತು ಕೇಳ್ಲಿಲ್ಲ?”

“ನೀವಾಗಿ ಹೇಳ್ತೀರಿ ಅಂತ ಕಾದೆ ರೀ. ನೀವೋ, ಮಹಾ ಬಿಗುಮಾನದವರು.” ಅವಳು ಮಡಚಿದ ಅಂಚನ್ನು ಬಿಡಿಸಿದಳು. “ನನ್ನ ಗಂಟಿಂದ ಯಾರಿಗೂ ತೊಂದರೆ ಆಗ್ಲಿಲ್ಲ. ನಿಮ್ಮ ಗುಟ್ಟಿಂದ ಈಗ ಒಂದು ಮನೆ ಒಲೆ ಆರುತ್ತೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು ಅಂತ ನೀವೇ ಹೇಳಿದ್ರಲ್ಲ.”

ಜೋಡಣ್ಣ ಅತ್ತ. ಗಂಡಸು ಅಳಬಾರದು ಅನ್ನುವವರು ಎದ್ದು ಆಚೆ ಹೋಗಲಿ. ಐವತ್ತು ವರ್ಷದ ಹೆದರಿಕೆ ಕಣ್ಣಲ್ಲಲ್ಲದೆ ಇನ್ನೆಲ್ಲಿಂದ ಹೊರಗೆ ಬರಬೇಕು?

ಮರುದಿನ ಹತ್ತು ಗಂಟೆಗೆ ಐದು ನಿಮಿಷವಿರುವಾಗಲೇ ಅವನು ಸಾಹೇಬರ ಮೇಜಿನ ಮುಂದೆ ನಿಂತಿದ್ದ. ಫ್ಯಾಕ್ಟರಿಯಕ್ಕ ಬಾಗಿಲಲ್ಲಿ ಬಂದು ನಿಂತಳು. ಮೇಜಿನ ಮೇಲೆ ಅವಳ ಕಾಗದ ಸಿದ್ಧವಾಗಿತ್ತು. ಜೋಡಣ್ಣ ಜೇಬಿನಿಂದ ಒಂದು ಗೇಣು ಕೇಬಲ್ ತೆಗೆದು, ಎರಡು ಎಳೆ ಬಿಡಿಸಿ ಮುಂದೆ ಹಿಡಿದ.

“ಸಾಹೇಬ್ರೇ, ಇದರಲ್ಲಿ ಹಸಿರು ಯಾವುದು, ಕಂದು ಯಾವುದು, ಕಾಣುತ್ತಾ ನಿಮಗೆ?”

“ಏನ್ ತಮಾಷೆ ಜೋಡಣ್ಣ ಬೆಳಬೆಳಗ್ಗೆ? ಇದು ಹಸಿರು, ಇದು ಕಂದು.”

“ನನಗೆ ಕಾಣಲ್ಲ. ಯಾವತ್ತೂ ಕಂಡಿಲ್ಲ. ನಿನ್ನೆ ತಪ್ಪು ಇದ್ದದ್ದು ನನ್ನ ತುದಿಯಲ್ಲಿ. ಈಯಮ್ಮ ಮೂರು ಸಲ ಹಾಕಿದ್ದೂ ಸರಿಯಾಗೇ ಇತ್ತು.”

ಸಾಹೇಬರು ಮೊದಲು ನಕ್ಕರು. ಆಮೇಲೆ ಫ್ಯಾಕ್ಟರಿಯಕ್ಕ ತನ್ನ ಮೂರು ಕನೆಕ್ಟರುಗಳನ್ನು ಚೀಟಿಯ ಜೊತೆಗೆ ಸಾಲಾಗಿ ಇಟ್ಟಾಗ ನಗು ನಿಂತಿತು. ಮುಖ ಕೆಂಪಾಯಿತು. “ಇಪ್ಪತ್ತೆರಡು ವರ್ಷ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದ್ರಾ?” ಎಂದು ಮೇಜು ಗುದ್ದಿದರು. “ನಾಳೆ ಎಂಬತ್ತೆರಡರಲ್ಲಿ ಯಾವುದರ ತಲೆ ಮುರಿದರೂ, ಸರಿ ಮಾಡಿದವನ ತಲೆ ಮೇಲೇ ಬರುತ್ತಲ್ರೀ! ನಿನ್ನೆ ಆ ಅಜ್ಜನಿಗೆ ಏನಾದ್ರೂ ಆಗಿದ್ರೆ?” ಸಾಹೇಬರು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಮೇಜಿನ ಮೇಲಿದ್ದ ಕಾಗದ ಹರಿದು ಬುಟ್ಟಿಗೆ ಬಿತ್ತು. ಅದರ ಬದಲು ಜೋಡಣ್ಣನ ಹೆಸರಿನಲ್ಲಿ ಇನ್ನೊಂದು ಬಂತು: ಎಂಬತ್ತೆರಡು ಕೇಬಲ್ಲಿನ ನೂರ ಅರವತ್ನಾಲ್ಕು ತುದಿಗಳನ್ನೂ ಚೀಟಿಯ ಪ್ರಕಾರ ಮತ್ತೆ ಹಾಕಬೇಕು, ಇನ್ನು ಮುಂದೆ ಇನ್ನೊಬ್ಬರು ಪಕ್ಕದಲ್ಲಿ ಬಣ್ಣ ನೋಡದೆ ಅವನು ಒಂದು ತಲೆಯನ್ನೂ ಕೂರಿಸಕೂಡದು. ಅದನ್ನು ಸೂಚನಾ ಫಲಕಕ್ಕೂ ಅಂಟಿಸಿದರು. ಓದಿದವರು ಓದಿದರು, ಪಿಸುಗುಟ್ಟಿದವರು ಪಿಸುಗುಟ್ಟಿದರು. ಒಬ್ಬ ಪುಣ್ಯಾತ್ಮ ಕ್ಯಾಂಟೀನಿನಲ್ಲಿ ತನ್ನ ಶರಟು ತೋರಿಸಿ, “ಜೋಡಣ್ಣ, ಇದ್ಯಾವ ಬಣ್ಣ ಹೇಳು ನೋಡಣ” ಎಂದು ಹಲ್ಲು ಕಿರಿದ. ನರ್ಸಮ್ಮ ಅವನನ್ನು ತರಾಟೆಗೆ ತೆಗೆದುಕೊಂಡ ರೀತಿ ನೋಡಬೇಕಿತ್ತು! ಆಮೇಲೆ ಅವನು ವಾರಗಟ್ಟಲೆ ಆ ಕಡೆ ಸುಳಿಯಲಿಲ್ಲ.

ಪಕ್ಕದಲ್ಲಿ ನಿಂತು ಬಣ್ಣ ನೋಡುವ ಕೆಲಸ ಫ್ಯಾಕ್ಟರಿಯಕ್ಕನಿಗೇ ಬಂತು. ಮೊದಲ ದಿನ ಅವಳು ಎಳೆಗಳನ್ನು ಬಿಡಿಸಿ, “ಬಿಳಿ ಕಿತ್ತಳೆ. ಕಿತ್ತಳೆ. ಬಿಳಿ ಹಸಿರು” ಎಂದು ಪಟ್ಟಿ ಓದುವ ಹಾಗೆ ಹೇಳುವಳು, ಅವನು ಕೂರಿಸುವನು, ಅಷ್ಟೇ. ಎರಡನೇ ದಿನ ಮಧ್ಯಾಹ್ನ ಅವನು ಇಕ್ಕಳ ಕೆಳಗಿಟ್ಟ.

“ಅವತ್ತು ಕಿರುಚಿದ್ನಲ್ಲ, ತಪ್ಪಾಯ್ತು ಕಣಮ್ಮ.”

“ನೀವು ಬೈದಿದ್ದಕ್ಕೆ ಬೇಜಾರಿರಲಿಲ್ಲ ಅಣ್ಣ. ನನ್ನ ಕಣ್ಣೇ ನಾನು ನಂಬದ ಹಾಗೆ ಆಯ್ತಲ್ಲ, ಅದಕ್ಕೆ. ಮನೆಗೆ ಹೋಗಿ ಮಕ್ಕಳ ಕೈಲಿ ಆ ಮೂರನ್ನೂ ಕೊಟ್ಟು, ಇದ್ಯಾವ ಬಣ್ಣ ಹೇಳ್ರೇ ಅಂತ ಕೇಳ್ದೆ.”

ಜೋಡಣ್ಣನಿಗೆ ತಲೆ ಎತ್ತಲಾಗಲಿಲ್ಲ. ತಾನು ಜೀವಮಾನವೆಲ್ಲ ಹೆದರಿ ತಪ್ಪಿಸಿಕೊಂಡ ಪ್ರಶ್ನೆಯನ್ನು ತನ್ನಿಂದಾಗಿ, ಕಣ್ಣು ಸರಿಯಿದ್ದ ಇವಳು ಕೇಳಬೇಕಾಯಿತಲ್ಲ!

ಹಾಸಿಗೆ ಖಾಲಿಯಾದಾಗೊಂದು, ರೋಗಿ ಸ್ಕ್ಯಾನಿಗೆ ಹೋದಾಗೊಂದು ಎಂದು ಹದಿನೆಂಟು ದಿನ ಹಿಡಿಯಿತು. ಕೊನೆಗೆ ಹನ್ನೊಂದನೇ ನಂಬರು ಉಳಿಯಿತು. ಅಜ್ಜ ಗುಣವಾಗಿದ್ದ, ಮನೆಗೆ ಹೊರಡಲು ಬಟ್ಟೆ ಹಾಕಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತು, ಇವರಿಬ್ಬರ ಕೆಲಸವನ್ನು ಊರುಗೋಲಿನ ಮೇಲೆ ಗದ್ದ ಊರಿ ನೋಡುತ್ತಿದ್ದ. ಫ್ಯಾಕ್ಟರಿಯಕ್ಕ ಎಳೆ ಹೇಳಿದಳು, ಜೋಡಣ್ಣ ಕೂರಿಸಿ ಒತ್ತಿದ. ಅವಳು ಬೀರುವಿನ ತುದಿಯನ್ನು ಆಗಲೇ ಮುಗಿಸಿ ಬಂದಿದ್ದಳು. ಅವನು ಕೇಬಲ್ಲನ್ನು ಮಾನಿಟರಿಗೆ ಸಿಕ್ಕಿಸಿದ. ಟಿಕ್ ಎಂದಿತು. ಕ್ಷಣ ಬಿಟ್ಟು ಪುಟ್ಟ ದೀಪ ಹತ್ತಿತು.

ಇಷ್ಟು ವರ್ಷ ಸಾವಿರ ಸಲ ನೋಡಿದ ದೀಪ. ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಅದಕ್ಕಿಂತ ಹೆಚ್ಚು ಅವನು ತಿಳಿದುಕೊಳ್ಳಲು ಹೋಗಿರಲಿಲ್ಲ. ಅಜ್ಜ ಕೂತಿದ್ದ, ನರ್ಸಮ್ಮ ನಿಂತಿದ್ದಳು, ಬಾಗಿಲಲ್ಲಿ ಆಯಾ ಇದ್ದಳು. ಜೋಡಣ್ಣ ಎಲ್ಲರಿಗೂ ಕೇಳುವ ಹಾಗೆ ಕೇಳಿದ:

“ತಂಗೀ, ಇದು ಯಾವ ಬಣ್ಣ?”

ಯಾರೂ ನಗಲಿಲ್ಲ.

“ಹಸಿರು ಅಣ್ಣ,” ಎಂದಳು ಅವಳು.